ಅಂಗಡಿಯಲ್ಲಿ ಚೆನ್ನಾಗಿಯೇ ಓಡುತ್ತದೆ

ಭಾನುವಾರ ಬೆಳಿಗ್ಗೆ ಟೈಲರಮ್ಮ ಕಂಪ್ಯೂಟರ್ ಮೇಜಿನ ಕೆಳಗೆ ನುಸುಳಿದ್ದು ಉರುಳಿಹೋದ ಒಂದು ಬಾಬಿನ್‌ಗಾಗಿ. ಹೊರಗೆ ಬರುವಾಗ ಮೊಣಕೈ ತಗುಲಿ ಮಾನಿಟರಿನ ಕೇಬಲ್ ಕಿತ್ತು ಬಂತು. ಮತ್ತೆ ಚುಚ್ಚಲು ಹೋದರೆ ಕ್ಯಾಬಿನೆಟ್ಟಿನ ಹಿಂದೆ ಅದು ಕೂರುವಂಥ ಜಾಗ ಎರಡಿದ್ದವು. ಮೇಲಿನದಕ್ಕೆ ಕೈ ಎಟುಕಲಿಲ್ಲ. ಕೆಳಗಿನದಕ್ಕೇ ಚುಚ್ಚಿದಳು.

ಸರಿಯಾಗಿದೆಯೋ ಇಲ್ಲವೋ ನೋಡೋಣವೆಂದು ಆಟ ಹಾಕಿದಳು. ನಾಲ್ಕು ಜನ ಸೇರಿ ಕೋಟೆ ಹಿಡಿಯುವ ಆಟ. ಐದು ತಿಂಗಳಿಂದ ಕುಂಟುತ್ತ, ತಡವರಿಸುತ್ತ ಓಡುತ್ತಿದ್ದ ಅವಳ ಸಿಪಾಯಿ ಬೆಣ್ಣೆಯಿಂದ ಕೂದಲು ಎಳೆದಷ್ಟು ಸಲೀಸಾಗಿ ಗೋಡೆ ಹಾರಿದ. ಗುರಿ ಇಟ್ಟ ಕಡೆಗೇ ಗುಂಡು ಹೋಯಿತು.

"ಅತ್ತಿಗೇ! ಬೇಗ ಬನ್ನಿ ಇಲ್ಲಿ!"

ಅಣ್ಣನ ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದಳು. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ! ಗ್ರಾಫಿಕ್ಸ್ ಕಾರ್ಡು, ಗ್ರಾಫಿಕ್ಸ್ ಕಾರ್ಡು ಅಂತ ಕುಣೀತಿದ್ದೆ. ಅದಕ್ಕೆ ತಂತೀನೇ ಕೊಟ್ಟಿರಲಿಲ್ವಲ್ಲೇ ನೀನು!" ಆಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದಳು: "ಅಲ್ಲ, ಆ ನಿನ್ನ ಸ್ಕ್ರೂಡ್ರೈವರ್ ಎರಡು ಸಲ ಇಲ್ಲೇ ನೆಲದ ಮೇಲೆ ಮಲಗಿ ಎಲ್ಲ ಕಿತ್ತು ಜೋಡಿಸಿದ್ರಲ್ಲ. ಅವರಿಗೂ ಕಾಣಲಿಲ್ವಾ?"

ಟೈಲರಮ್ಮನ ನಗು ಅಲ್ಲಿಗೇ ನಿಂತಿತು.

ಸ್ಕ್ರೂಡ್ರೈವರ್ ಎಂದರೆ ಕಂಪ್ಯೂಟರ್ ರಿಪೇರಿಯವನು. ಮುಂದಿನ ತಿರುವಿನಲ್ಲಿ, ಮೆಟ್ಟಿಲು ಹತ್ತಿ ಹೋಗುವ ಅಂಗಡಿ. ಆಟ ನಿಧಾನವಾಗುತ್ತಿದೆ ಎಂದು ಅವಳು ಮೊದಲ ಸಲ ಕ್ಯಾಬಿನೆಟ್ಟನ್ನು ಸೊಂಟದ ಮೇಲಿಟ್ಟುಕೊಂಡು ಹೋದಾಗ ಅವನು ತನ್ನ ಮಾನಿಟರಿಗೆ ಜೋಡಿಸಿ ನೋಡಿದ್ದ. ಎಲ್ಲರೂ ಅಂಗಡಿಗೆ ಕ್ಯಾಬಿನೆಟ್ ಮಾತ್ರ ತರುತ್ತಾರೆ. ಕೇಬಲ್ ಮನೆಯಲ್ಲೇ ಉಳಿಯುತ್ತದೆ. ಅವನ ಕೈಗೆ ಕೆಳಗಿನ ಜಾಗವೇ, ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿನದೇ, ಅಭ್ಯಾಸ. ಆಟ ಸೊಗಸಾಗಿ ಓಡಿತ್ತು.

"ಇಲ್ಲಿ ಚೆನ್ನಾಗೇ ಓಡ್ತಿದೆಯಲ್ಲ ಮೇಡಂ," ಎಂದು ಹುಬ್ಬು ಕುಣಿಸಿದ್ದ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

ಅವಳು ಕೆರಳಿ ಬೈದಿದ್ದಳು. ಅವನು ಬೈಸಿಕೊಂಡು ನಕ್ಕಿದ್ದ. ಶುರುವಾದದ್ದು ಹಾಗೆ.

ಮೊದಲು ರ‍್ಯಾಮ್ ಹೆಚ್ಚಿಸಿದರು. ಸಾಲದು ಅನ್ನಿಸಿತು. ಆಮೇಲೆ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕು. ಅದನ್ನು ಹಾಕಲು ಅವನೇ ಮನೆಗೆ ಬಂದಿದ್ದ. ಟಾರ್ಚ್ ಹಿಡಿದು ಮೇಜಿನ ಕೆಳಗೆ ಮಲಗಿದವನು ಒಂದು ಗಳಿಗೆ ಕಲ್ಲಾಗಿ ಬಿಟ್ಟಿದ್ದ. ಪಕ್ಕದಲ್ಲೇ ನಿಂತಿದ್ದ ಅವಳು, ತನ್ನ ಪಾದ ನೋಡುತ್ತಿದ್ದಾನೆಂದು ತಿಳಿದು ಬೆರಳು ಮಡಚಿಕೊಂಡಿದ್ದಳು. ಎದ್ದು ಬಂದಾಗ ಅವನ ಕೂದಲ ತುಂಬ ದಾರದ ಚೂರು. ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ನಾಚಿಕೆ ಎಂದುಕೊಂಡಳು. ಆ ಗಳಿಗೆಯನ್ನು ಎಷ್ಟು ಸಲ ನೆನೆದು, ಹೊಲಿಗೆ ತಪ್ಪಿ, ಬಿಚ್ಚಿ ಮತ್ತೆ ಹೊಲಿದಳೋ ಲೆಕ್ಕವಿಲ್ಲ.

ಅವನು ನೋಡಿದ್ದು ಪಾದವನ್ನಲ್ಲ, ಕೇಬಲ್ಲನ್ನು.

ಇವತ್ತು ಸಂಜೆ ಹೊಸ ಪ್ರೊಸೆಸರ್ ಹಾಕಲು ಬರುವವನಿದ್ದ. ಹೋದ ವಾರ ಫ್ಯಾನಿನ ಧೂಳು ತೆಗೆಯಲು ಬಂದವನು ಹೊರಡುವಾಗ ಬಾಗಿಲಲ್ಲಿ ನಿಂತು, "ಇನ್ಮೇಲೆ ಜೊತೆಗೇ ಇರೋಣವಾ?" ಎಂದು ಕೇಳಿದ್ದ. "ಭಾನುವಾರ ಹೇಳ್ತೀನಿ," ಎಂದಿದ್ದಳು. ಉತ್ತರ ಆಗಲೇ ಅವಳ ನಾಲಿಗೆ ತುದಿಯಲ್ಲಿತ್ತು.

ಚಪ್ಪಲಿ ಮೆಟ್ಟಿದಳು.

"ಎಲ್ಲಿಗೇ?" ಎಂದಳು ಅತ್ತಿಗೆ.

"ಉತ್ತರ ಕೊಟ್ಟು ಬರ್ತೀನಿ."

ಅಂಗಡಿಯಲ್ಲಿ ಪ್ರಿಂಟರ್ ತಂದಿದ್ದ ಮುದುಕರೊಬ್ಬರು ಕೂತಿದ್ದರು. ರಿಪೇರಿಯವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅವಳನ್ನು ಕಂಡು ಮುಖ ಅರಳಿತು.

"ಸಂಜೆ ನಾನೇ ಬರ್ತಿದ್ನಲ್ಲ ಮೇಡಂ. ಅಷ್ಟು ಅವಸರನಾ?"

"ಮಾನಿಟರ್ ಕೇಬಲ್ ಎಲ್ಲಿಗೆ ಚುಚ್ಚಬೇಕು ರಿಪೇರಿಯವರೇ?"

ಅರಳಿದ ಮುಖ ಹಾಗೇ ಬಾಡಿತು.

"ಗ್ರಾಫಿಕ್ಸ್ ಕಾರ್ಡಿಗೆ."

"ನಂದು ಎಲ್ಲಿತ್ತು?"

"ಮದರ್‌ಬೋರ್ಡಿಗೆ."

"ನಿಮಗೆ ಯಾವತ್ತು ಗೊತ್ತಾಯ್ತು?"

"ಎಸ್‌ಎಸ್‌ಡಿ ಹಾಕೋಕೆ ಬಂದ ದಿನ."

"ಅವತ್ತು ನಮ್ಮನೇಲಿ ಟೀ ಕುಡಿದ್ರಿ. ಎರಡು ಲೋಟ."

"ಹೌದು."

ಮುದುಕರು ಪ್ರಿಂಟರನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಸರಿಯಾಗಿ ಕೂತರು.

ಅವಳು ಸೊಂಟದ ಚೀಲದಿಂದ ಮಡಚಿದ ಚೀಟಿ ತೆಗೆದು ಕೌಂಟರಿನ ಮೇಲಿಟ್ಟಳು. ಯಾವ ಪ್ರೊಸೆಸರ್ ಕೊಳ್ಳುವುದೆಂದು ಇಬ್ಬರೂ ತಲೆಗೆ ತಲೆ ತಾಗಿಸಿ ಬರೆದದ್ದು. ಎರಡು ಹೆಸರು, ಒಂದಕ್ಕೆ ಅಡ್ಡಗೆರೆ. "ಇದು ಜೋರಾಗಿ ಓಡುತ್ತೆ ಅಂತ ನೀವೇ ಹೇಳಿ, ನೀವೇ ಹೊಡೆದು ಹಾಕಿದ್ರಿ. ಯಾಕೆ ಅಂತ ಕೇಳಿದ್ರೆ, ನಿಮಗಿದು ಹೊಂದಲ್ಲ ಮೇಡಂ ಅಂದ್ರಿ. ಯಾಕೆ ಹೊಂದಲ್ಲ?"

ಅವನು ಚೀಟಿಯನ್ನು ತನ್ನತ್ತ ಎಳೆದುಕೊಂಡ.

"ಅದರೊಳಗೆ ಚಿತ್ರ ತೋರಿಸೋ ಭಾಗ ಇಲ್ಲ. ಹಾಕಿದ್ರೆ ಮೇಲಿನ ಪೋರ್ಟಿಂದ ಪರದೆಗೆ ಏನೂ ಬರ್ತಿರಲಿಲ್ಲ. ನಿಮಗೆ ಗೊತ್ತಾಗಿಬಿಡ್ತಿತ್ತು."

ಮರೆತೆ, ಹೇಳಲಾಗಲಿಲ್ಲ ಎಂದಿದ್ದರೆ ಬೈದು ಸುಮ್ಮನೆ ಬಿಟ್ಟುಬಿಡುತ್ತಿದ್ದಳೇನೋ. ಇದು ಕೂತು, ಯೋಚಿಸಿ, ಪೆನ್ನು ಹಿಡಿದು ಮಾಡಿದ ಮೋಸ. ಅದೂ ಅವಳ ಭುಜಕ್ಕೆ ಭುಜ ತಾಗಿಸಿ ಕೂತು.

"ಹೇಳಿದ್ರೆ ಅವತ್ತಿಗೇ ಕೆಲಸ ಮುಗೀತಿತ್ತು," ಎಂದ ಅವನು, ದನಿ ಇಳಿಸಿ. "ಮೊದಲನೇ ದಿನ ಅಷ್ಟು ದೊಡ್ಡ ಗಾದೆ ಹೇಳಿ ನಕ್ಕಿದ್ದೆ. ಮರ್ಯಾದೆ ಅಡ್ಡ ಬಂತು. ಆಮೇಲೆ... ನಿಮ್ಮನೆಗೆ ಬರೋಕೆ ಬೇರೆ ನೆಪ ಇರಲಿಲ್ಲ."

"ನೆಪ ಇರಲಿಲ್ವಾ? ಪ್ಯಾಂಟ್ ಹರ್ಕೊಂಡು ಬರ್ಬೇಕಿತ್ತು! ನಾನು ಟೈಲರ್ರು ಕಣ್ರೀ!"

ಮುದುಕರಿಗೆ ನಗು ತಡೆಯದೆ ಕೆಮ್ಮು ಬಂತು.

ಅವಳು ನಗಲಿಲ್ಲ. ಕಣ್ಣು ತುಂಬಿ ಬಂದದ್ದಕ್ಕೆ ಸಿಟ್ಟು ಇನ್ನೂ ಹೆಚ್ಚಾಯಿತು. "ನನ್ನ ಕೈ ನಿಧಾನ ಅಂತ ನಾನು ನಂಬಿದ್ದೆ. ಗೊತ್ತಾ ನಿಮಗೆ? ಪ್ರತಿ ಸಲ ನನ್ನಿಂದಾನೇ ಸೋಲು ಅಂತ ತಂಡ ಬಿಟ್ಟೆ. ವಯಸ್ಸಾಯ್ತು, ಬೆರಳು ಮಾತು ಕೇಳಲ್ಲ ಅಂತ ಸಣ್ಣ ಮಣಿ ಹೊಲಿಯೋ ಕೆಲಸಾನೂ ಪಕ್ಕದ ಬೀದಿಯವರಿಗೆ ಕೊಟ್ಟುಬಿಟ್ಟೆ. ಹದಿನೆಂಟು ವರ್ಷದಿಂದ ಮಾಡಿದ ಕೆಲಸ! ಅವತ್ತು ನಿಮ್ಮ ಮುಂದೇನೇ ಅತ್ತೆ. ನೀವೇನು ಮಾಡಿದ್ರಿ? ಕೈ ಹಿಡ್ಕೊಂಡು, ಪರವಾಗಿಲ್ಲ ಬಿಡಿ ಅಂದ್ರಿ."

ಮೊದಲ ಸಲ ಅವನಿಗೆ ತಾನು ಮಾಡಿದ್ದು ಪೂರ್ತಿ ಕಂಡ ಹಾಗಿತ್ತು. ನಾಚಿಕೆಯ ಮುಖ ಹೇಗಿರುತ್ತದೆಂದು ಅವಳಿಗೂ ಈಗ ಗೊತ್ತಾಯಿತು.

"ಏನು ಮಾಡ್ಲಿ ಹೇಳಿ. ಹಾಕಿದ್ದನ್ನೆಲ್ಲ ವಾಪಸ್ ತಗೊಳ್ತೀನಿ."

"ಬೇಡ. ನನ್ನ ತಂಡ ಈಗ ಆಟದಲ್ಲಿದೆ. ಅವರಿಗೆ ಹೇಳಿ. ನಿಮ್ಮ ಬಾಯಲ್ಲೇ."

ಅಂಗಡಿಯ ಕಂಪ್ಯೂಟರಿನಲ್ಲಿ ಅವಳೇ ತನ್ನ ಆಟದ ಹೆಸರು ಹಾಕಿ ಒಳಹೊಕ್ಕಳು. ಸ್ಪೀಕರಿನಲ್ಲಿ ತಂಡದ ನಾಯಕಿ ನರ್ಸಕ್ಕನ ದನಿ ಕೇಳಿತು: "ಯಾರಿದು ಬಂದಿದ್ದು? ನಮ್ಮ ಸೂಜೀನಾ?"

ರಿಪೇರಿಯವನು ಮೈಕಿಗೆ ಬಾಗಿದ. ಗಂಟಲು ಸರಿ ಮಾಡಿಕೊಂಡ.

"ನಾನು ಅವರ ಕಂಪ್ಯೂಟರ್ ರಿಪೇರಿ ಮಾಡೋನು. ಅವರ ಕೈ ನಿಧಾನ ಅಲ್ಲ. ಕೇಬಲ್ ತಪ್ಪು ಜಾಗದಲ್ಲಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ತಿಂಗಳು ಹೇಳಲಿಲ್ಲ."

ಸ್ಪೀಕರಿನಿಂದ ನರ್ಸಕ್ಕ ಕೇಳಿದಳು:

"ಯಾಕಪ್ಪಾ ಮಹಾರಾಯ?"

ಅವನು ಮುದುಕರನ್ನು ನೋಡಿದ, ಅವಳನ್ನು ನೋಡಿದ. "ಅವರನ್ನ ಕಂಡ್ರೆ ನನಗೆ ಪ್ರೀತಿ."

"ಇದು ಪ್ರೀತಿ ಆದ್ರೆ, ನಿನ್ನ ದ್ವೇಷ ಹೇಗಿರುತ್ತಪ್ಪಾ!" ಎಂದಳು ನರ್ಸಕ್ಕ. ಹಿಂದಿನಿಂದ ಇನ್ಯಾರೋ ಹೇಳಿದರು, "ಸೂಜಿ, ಎರಡು ಬಿಗಿ ಅವನಿಗೆ. ಆಮೇಲೆ ಆಟಕ್ಕೆ ಬಾ. ನಿನ್ನ ಜಾಗ ಖಾಲಿ ಇದೆ."

ಅವನ ಕಿವಿಗಳು ಕೆಂಪಾಗಿದ್ದವು. ಆದರೆ ತಲೆ ತಗ್ಗಿಸಲಿಲ್ಲ, ನಿಂತು ಕೇಳಿಸಿಕೊಂಡ. ಅದು ಅವಳ ಕಣ್ಣಿಗೆ ಬಿತ್ತು. ಬೀಳಬಾರದಿತ್ತು ಎಂದುಕೊಂಡಳು.

ಅವಳು ಬಾಗಿಲಿಗೆ ಹೊರಟಾಗ ಅವನು ಕೌಂಟರ್ ದಾಟಿ ಬಂದ. "ಉತ್ತರ?"

"ಇವತ್ತು ಹೂಂ ಅನ್ನೋಳಿದ್ದೆ. ಬೆಳಿಗ್ಗೆವರೆಗೂ."

"ಈಗ?"

ಮೆಟ್ಟಿಲಿನ ಮೇಲೆ ನಿಂತು ತಿರುಗಿದಳು. ಇಸ್ತ್ರಿ ಮಾಡಿದ ಅಂಗಿಯ ಎರಡನೇ ಗುಂಡಿಯ ದಾರ ಸಡಿಲವಾಗಿತ್ತು. ಅವಳ ಬೆರಳು ತಾನಾಗಿ ಮೇಲೆದ್ದಿತು. ಅವಳೇ ಅದನ್ನು ಹಿಂದಕ್ಕೆ ಎಳೆದುಕೊಂಡಳು.

"ಸಂಜೆ ಬರಬೇಡಿ. ನಾಳೇನೂ ಬೇಡ. ಏನೂ ಕೆಡದೇ ಇರೋ ದಿನ ಬನ್ನಿ. ಪೆಟ್ಟಿಗೆ ಇಲ್ದೆ, ಟಾರ್ಚ್ ಇಲ್ದೆ, ಸುಮ್ಮನೆ ನನ್ನನ್ನ ನೋಡೋಕೆ ಬಂದೆ ಅಂತ ನಮ್ಮ ಅತ್ತಿಗೆ ಮುಂದೆ ನಿಂತು ಹೇಳೋ ಧೈರ್ಯ ಬಂದ ದಿನ. ಬಾಗಿಲು ತೆಗೀತೀನೋ ಇಲ್ವೋ, ಅದು ಅವತ್ತಿನ ನನ್ನಿಷ್ಟ."

ಇಳಿದು ಹೋದಳು. ಮನೆಯ ಕಡೆಗಲ್ಲ, ಪಕ್ಕದ ಬೀದಿಯ ಹೊಲಿಗೆ ಅಂಗಡಿಯ ಕಡೆಗೆ, ತನ್ನ ಮಣಿಯ ಕೆಲಸ ವಾಪಸ್ ಕೇಳುವುದಕ್ಕೆ.