ಕೈಯಿಂದ ತಿರುಗಿಸಿದ ಗಡಿಯಾರ

"ನಿನ್ನ ಸರ್ವರ್‌ಗೆ ನನ್ನ ಮೇಲೇನು ಮುನಿಸು, ಮಾರಾಯ್ತಿ?" ಬೆಟ್ಟದ ಮೇಲಿನ ಹಿಮಕುಸಿತ ಎಚ್ಚರಿಕೆ ಠಾಣೆಯಿಂದ ದೌಲೆತ್ ಫೋನಿನಲ್ಲಿ ಕೇಳಿದ. "ಹಿಮ ಬಿರುಕು ಬಿಟ್ಟಿದೆ. ಕೆಳಗೆ ದಾರೀಲಿ ಜನ ಇದಾರೆ. ಸೈರನ್ ಯಾಕೆ ಕೂಗ್ತಿಲ್ಲ?"

"ನಿನ್ನ ಯಂತ್ರಾನೇ ಕೆಟ್ಟಿರ್ಬೇಕು. ನಿನ್ನೆಯಿಂದ ಒಂದು ಅಳತೇನೂ ಬಂದಿಲ್ಲ. ನನ್ನ ಮಾತಾಡ್ಸೋಕೆ ಇದೊಂದು ನೆಪ, ಅಲ್ವಾ?"

"ನೆಪ ಬೇರೆ ಬೇಕಾ ನಂಗೆ? ಬ್ಯಾಟರಿ ತಂತಿ ಸಡಿಲ ಆಗಿದೆ, ಕೈಯಲ್ಲೇ ಒತ್ತಿ ಹಿಡ್ಕೊಂಡು ಕಳಿಸ್ತಿದೀನಿ. ಸರಿಯಾಗಿ ನೋಡೇ."

ಅಲ್ಮಾಟಿಯ ಕಚೇರಿಯಲ್ಲಿ ತೊಗ್ಜಾನ್ ಸರಿಯಾಗಿ ನೋಡಿದಳು. ಹಿಮದ ಅಳತೆಗಳು ಬಂದಿದ್ದವು, ಅವನ್ನು ನೋಡಿ ಸೈರನ್ ಕೂಗಿಸಬೇಕಾದ ಕ್ಲೌಡ್ ಸರ್ವರ್ ಎಲ್ಲವನ್ನೂ ಆಚೆ ತಳ್ಳಿತ್ತು. ಅವುಗಳ ಸಮಯ ಸರ್ವರ್‌ನ ಗಡಿಯಾರಕ್ಕಿಂತ ಒಂದು ಗಂಟೆ ಮುಂದಿತ್ತು. ಇನ್ನೂ ಆಗದ ಹೊತ್ತಿನ ಸುದ್ದಿಯನ್ನು ಯಾವ ಯಂತ್ರ ನಂಬೀತು?

ಆಗ ಅವಳಿಗೆ ಹೊಳೆಯಿತು. ನಿನ್ನೆ ಸರ್ಕಾರ ಇಡೀ ದೇಶಕ್ಕೆ ಒಂದೇ ಸಮಯ ಮಾಡಿದ್ದರಿಂದ ಅಲ್ಮಾಟಿಯ ಗಡಿಯಾರಗಳು ಒಂದು ಗಂಟೆ ಹಿಂದೆ ಸರಿದಿದ್ದವು. ಸಮಯವಲಯವನ್ನಷ್ಟೇ ಬದಲಿಸಿದ್ದರೆ ಸಾಕಿತ್ತು. ಅವಳೋ ಗೋಡೆ ಗಡಿಯಾರದ ಹಾಗೆ ಸರ್ವರ್‌ನ ಗಡಿಯಾರವನ್ನೇ ಕೈಯಿಂದ ಹಿಂದೆ ತಿರುಗಿಸಿ, ಅದು ಮತ್ತೆ ಮುಂದಕ್ಕೆ ಹೋಗದಿರಲೆಂದು ನೆಟ್‌ವರ್ಕ್ ಸಮಯಕ್ಕೆ ತಾನಾಗಿ ಹೊಂದಿಕೊಳ್ಳುವ ಜೋಡಣೆಯನ್ನೂ ನಿಲ್ಲಿಸಿದ್ದಳು. ಅಯ್ಯೋ, ಎಷ್ಟು ಸಣ್ಣ ಕೆಲಸ!

"ತಪ್ಪು ನಂದು ಕಣೋ. ಗಡಿಯಾರ ಕೆಡಿಸಿದ್ದು ನಾನೇ. ನೀನು ಇಳಿದು ಬಾ!"

"ತಂತಿ ಬಿಟ್ರೆ ಸೈರನ್ ಕೂಗಲ್ಲ. ಮೊದಲು ಸರಿಮಾಡು, ಆಮೇಲೆ ಚೆನ್ನಾಗಿ ಬೈತೀನಿ."

ಅವಳು ಜೋಡಣೆಯನ್ನು ಮತ್ತೆ ಶುರುಮಾಡಿ, ಗಡಿಯಾರವನ್ನು ಒಂದೇ ಏಟಿಗೆ ಮುಂದಕ್ಕೆ ಹಾರಿಸಲು ಹೊರಟಳು. ಟೈಪ್ ಮಾಡಿದ ಆದೇಶ ಎರಡು ಸಲ ತಪ್ಪಾಯಿತು. ಕೊನೆಗೆ ಫೋನಿನಲ್ಲೇ ಸೈರನ್ ಕೇಳಿಸಿತು.

"ಓಡೋ! ನೀನಿಲ್ದೆ ನಂಗೆ ಬದುಕೋಕಾಗಲ್ಲ ಕಣೋ!"

"ಅಬ್ಬಾ, ಅಂತೂ ಬಾಯಿ ಬಿಟ್ಯಲ್ಲ!" ಅವನು ನಕ್ಕ. ಆಮೇಲೆ ದೊಡ್ಡ ಸದ್ದು. ಕರೆ ಕಡಿಯಿತು.

ದಾರಿಯಲ್ಲಿದ್ದವರೆಲ್ಲ ಉಳಿದರು. ದೌಲೆತ್‌ನ ಶವವನ್ನು ಮರುದಿನ ಹಿಮ ಅಗೆದು ತೆಗೆದರು.

ಏಳನೆಯ ದಿನದ ಊಟಕ್ಕೆ ಹೋದಾಗ ಅವನ ತಾಯಿ ರೌಶನ್ ಅಪಾ ತೊಗ್ಜಾನಳನ್ನು ಒಳಗೆ ಕರೆದು ಬೆಳ್ಳಿಯ ಓಲೆ ತೆಗೆದರು. ಸೊಸೆಯೆಂದು ಒಪ್ಪಿ ಅತ್ತೆ ತೊಡಿಸುವ ಓಲೆ. "ಈ ವಾರ ಹೆಣ್ಣು ಕೇಳೋಕೆ ನಿಮ್ಮನೆಗೆ ಹೋಗೋಣ ಅಂತಿದ್ದ," ಎಂದರು.

ತೊಗ್ಜಾನ್ ಹಿಂದೆ ಸರಿದಳು. "ಬೇಡ ಅಪಾ. ಗಡಿಯಾರ ಕೆಡಿಸಿದ್ದು ನಾನು. ನನ್ನಿಂದಾನೇ ಅವನು ಅಲ್ಲಿ ನಿಲ್ಬೇಕಾಯ್ತು."

ತಾಯಿಯ ಮುಖ ಕಪ್ಪಿಟ್ಟಿತು. ಓಲೆ ಮುಷ್ಟಿಯೊಳಗೆ ಹೋಯಿತು.

"ಅವನಿಗೆ ಗೊತ್ತಿತ್ತಾ?"

"ಹೇಳ್ದೆ."

"ಗೊತ್ತಿದ್ದೂ ನಿನ್ನ ಹತ್ರ ನಗ್ತಾ ಮಾತಾಡಿದ್ನಾ?"

"ನಗ್ತಾನೇ ಇದ್ದ, ಅಪಾ."

ರೌಶನ್ ಅಪಾ ಬಹಳ ಹೊತ್ತು ಅತ್ತರು. ಆಮೇಲೆ ತಲೆವಸ್ತ್ರದಲ್ಲಿ ಮುಖ ಒರೆಸಿಕೊಂಡು, ಓಲೆಯಿದ್ದ ಮುಷ್ಟಿ ಬಿಡಿಸಿ, "ತಲೆ ಈ ಕಡೆ ತಿರುಗಿಸು," ಎಂದರು.