ಬಲಗಡೆಯ ಸ್ಪೀಕರ್

"ಎಡಗಡೆ ಹಾಡ್ತಿದೆ. ಬಲಗಡೆ ಸತ್ತಿದೆ," ಎಂದಳು ಶೋಭಿತಾ. "ಬಲಗಡೆ ಬೆಸುಗೆ ಹಾಕಿದ್ದು ಯಾರು?"

"ನಾನೇ," ಎಂದ ಅವಳ ಗೆಳೆಯ ಮಿಲನ್. "ನೀನು ಹೇಳಿದ ಹಾಗೇ ಹಾಕಿದ್ದು ಮಾರಾಯ್ತಿ."

ಮೇಜಿನ ಮೇಲೆ ಅವರ ಸ್ಟೀರಿಯೊ ಆಂಪ್ಲಿಫೈಯರ್ ಇತ್ತು. ಹಳೇ ಕಾಲದ ರೇಡಿಯೊಗಳಲ್ಲಿರುವಂಥ ನಾಲ್ಕು ಗಾಜಿನ ವಾಲ್ವ್‌ಗಳು ಅದರ ಮೇಲೆ ಕೆಂಪಗೆ ಹೊಳೆಯುತ್ತಿದ್ದವು. ನಾಳೆ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಶೋಭಿತಾ ಇಡೀ ಆರನೇ ಕ್ಲಾಸಿಗೆ, ಹೆಡ್‌ಮಿಸ್‌ಗೆ, ಬಸ್ ಡ್ರೈವರಿಗೂ ಹೇಳಿಯಾಗಿತ್ತು.

ಎರಡು ತಿಂಗಳ ಹಿಂದೆ ಅವಳಿಗೆ ಬೆಸುಗೆಯ ಕಡ್ಡಿ ಯಾವ ತುದಿಯಲ್ಲಿ ಸುಡುತ್ತದೆ ಎಂಬುದೂ ಗೊತ್ತಿರಲಿಲ್ಲ. ಮುಟ್ಟಿ ತಿಳಿದುಕೊಂಡಿದ್ದಳು. ಈಗ ಅವಳ ನೋಟ್‌ಬುಕ್ಕಿನ ರಟ್ಟಿನ ಮೇಲೆ 'ಚೀಫ್ ಇಂಜಿನಿಯರ್ ಶೋಭಿತಾ' ಎಂದಿತ್ತು.

ನೋಟ್‌ಬುಕ್ ಕುಟ್ಟಪ್ಪ ತಾತನ ರೂಲ್. ಅವರು ಸೈನ್ಯದಲ್ಲಿ ರೇಡಿಯೊ ರಿಪೇರಿ ಮಾಡಿದವರು. ಪ್ಲಗ್ ಮುಟ್ಟುವ ಹಕ್ಕು ಅವರೊಬ್ಬರಿಗೇ. ದೋಷ ಏನೇ ಬಂದರೂ ಪೆನ್ನಿನಲ್ಲಿ ಬರೆಯಬೇಕು, ಅಳಿಸುವಂತಿಲ್ಲ. ಬರೆದದ್ದು ತಪ್ಪಾದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಬೇಕು.

ಶೋಭಿತಾ ಬರೆದಳು: 'ದೋಷ: ಬಲಗಡೆ ಶಬ್ದವಿಲ್ಲ. ಕಾರಣ: ಮಿಲನ್.'

ಮಿಲನ್ ಓದಿದ. ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡ. "ನಾಳೆ ನೀನೊಬ್ಳೇ ತೋರಿಸು," ಎಂದು ಹೊರಟೇಬಿಟ್ಟ.

ಪಕ್ಕದಲ್ಲೇ ಕೂತಿದ್ದ ತಾತ ಎದ್ದರು. ಪ್ಲಗ್ ಕಿತ್ತರು. ಒಳಗೆ ಉಳಿದ ಕರೆಂಟೆಲ್ಲ ಇಳಿಸಿ, ಮೀಟರ್ ಇಟ್ಟು ನೋಡಿ, "ಈಗ ಮುಟ್ಟಬಹುದು. ಬಲಗಡೆ ಒಂದು ರೆಸಿಸ್ಟರ್ ಎಳೆದು ನೋಡು," ಎಂದರು.

ಶೋಭಿತಾ ಇಕ್ಕಳದಿಂದ ಎರಡು ತುದಿಗೂ ತಂತಿಯಿರುವ ಒಂದು ಪುಟ್ಟ ರೆಸಿಸ್ಟರನ್ನು ಮೆಲ್ಲಗೆ ಎಳೆದಳು. ಬೆಸುಗೆಯ ಉಂಡೆಯೊಳಗಿಂದ ಅದರ ತಂತಿ ಸಲೀಸಾಗಿ ಈಚೆ ಬಂತು. ಅಂಟಿಕೊಂಡೇ ಇರಲಿಲ್ಲ. ತಂತಿ ಕಪ್ಪಗಿತ್ತು. ಅವಳು ಮೂಸಿದಳು.

"ತಾತ, ಒಣಮೀನಿನ ವಾಸನೆ!"

"ರೆಸಿಸ್ಟರಿಗೆ ಒಣಮೀನಿನ ವಾಸನೆ ಎಲ್ಲಿಂದ ಬಂತು, ಚೀಫ್?"

ಶೋಭಿತಾಳಿಗೆ ಥಟ್ಟನೆ ಹೊಳೆಯಿತು. ಅವಳು ಎಡಗಡೆಯ ಕೆಲಸ ಮುಗಿಸಿದ ವಾರವೇ ಅವರ ಊರು ಕಕ್ಕಬೆಗೆ ಮಳೆ ಹಿಡಿದಿತ್ತು. ಬಲಗಡೆಯ ರೆಸಿಸ್ಟರುಗಳಿಗೆ ತೇವ ತಗಲಬಾರದೆಂದು ಡಬ್ಬಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ, ಅಜ್ಜಿಯ ಒಣಮೀನಿನ ಪಕ್ಕ ಇಟ್ಟವಳು ಅವಳೇ. ಚೆನ್ನಾಗಿ ಒಣಗಲಿ ಎಂದು ಮುಚ್ಚಳವನ್ನೂ ತೆಗೆದಿದ್ದಳು. ಮೂರು ವಾರ ಹೊಗೆ ಕುಡಿದ ತಂತಿಗೆ ಬೆಸುಗೆ ಹೇಗೆ ಹಿಡಿಯುತ್ತದೆ?

ಅವಳು 'ಮಿಲನ್' ಮೇಲೆ ಗೆರೆ ಎಳೆದು 'ಹೊಗೆ' ಎಂದು ಬರೆದಳು. ಮತ್ತೊಮ್ಮೆ ಓದಿದಳು. ಡಬ್ಬಿ ತಾನಾಗಿ ಅಟ್ಟ ಹತ್ತಿರಲಿಲ್ಲ. 'ಹೊಗೆ'ಯ ಮೇಲೂ ಗೆರೆ ಎಳೆದಳು.

ಸ್ವಲ್ಪ ಹೊತ್ತಿನಲ್ಲೇ ಅವಳು ಮಿಲನ್ ಮನೆಯ ಬಾಗಿಲಲ್ಲಿದ್ದಳು. ರೇನ್‌ಕೋಟಿನ ಒಳಗಿಂದ ನೋಟ್‌ಬುಕ್ ತೆಗೆದು ಕೊಟ್ಟಳು.

ಮಿಲನ್ ಗಟ್ಟಿಯಾಗಿ ಓದಿದ: "ಕಾರಣ: ಶೋಭಿತಾ. ರೆಸಿಸ್ಟರುಗಳನ್ನು ಒಣಮೀನಿನ ಜೊತೆ ಒಣಗಿಸಿದಳು." ನಗು ತಡೆಯಲು ನೋಡಿದ, ಆಗಲಿಲ್ಲ. "ಈ ಪೇಜನ್ನೂ ನಾಳೆ ತೋರಿಸ್ತೀಯಾ?"

"ಹ್ಞೂಂ. ಮೊದಲು ತಂತಿ ಉಜ್ಜಬೇಕು. ಸ್ಯಾಂಡ್‌ಪೇಪರ್ ತಂದಿದ್ದೀನಿ."

"ಉಜ್ಜೋದು ಯಾರು, ಚೀಫ್?"

"ನಾನು. ಬೆಸುಗೆ ನೀನು ಹಾಕು."

ಮಿಲನ್ ನೋಟ್‌ಬುಕ್ ಮುಚ್ಚಿದ. ರಟ್ಟಿನಲ್ಲಿ 'ಚೀಫ್ ಇಂಜಿನಿಯರ್' ಎಂಬುದರ ಮೇಲೆ ಒಂದೇ ಒಂದು ನೇರ ಗೆರೆ ಇತ್ತು. ಪಕ್ಕದಲ್ಲಿ ಸಹಿ.

ಅವನು ಕೊಡೆ ಬಿಚ್ಚಿ, ಅರ್ಧ ಅವಳ ಕಡೆಗೆ ಹಿಡಿದ.