ಹಿರಿಯರ ಸಾಲಿನ ಐದನೇ ಮರ

ಮಾರ್ಚ್ 11, ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಯಶೋಧರಾ ಠಾಣೆಗೆ ಬಂದಳು. ಕಂಪ್ಲಿಯ ಹುಡುಗಿ. ಮಲಪನಗುಡಿ ದಾರಿಯ ತೊಟ್ಟಿಲಗುಡ್ಡ ಸಸ್ಯವನದಲ್ಲಿ ಎರಡು ವರ್ಷದ ನಾಯಕತ್ವ ತರಬೇತಿ ಮುಗಿಸಿದ್ದಳು, ಮುಂದಿನ ಸೋಮವಾರ ಅಲ್ಲಿನ ಮೇಲ್ವಿಚಾರಕಿಯಾಗಬೇಕಿತ್ತು. ಜೊತೆಗೆ ಅವಳ ಗುರು, ನಿವೃತ್ತಿಯ ಹೊಸ್ತಿಲಲ್ಲಿದ್ದ ಮೇಲ್ವಿಚಾರಕ ಜಂಬುನಾಥ ಬಂದಿದ್ದರು.

"ಮರ ಸಾಯಾಕತ್ತಾವ್ರಿ ಮೇಡಂ. ನಾಕು ಮರ. ಯಾರೋ ಬೇಕಂತ ಮಾಡ್ಯಾರ," ಎಂದಳು.

"ಎಫ್ಐಆರ್ ಎಲ್ಲಾ ಬ್ಯಾಡವ್ವ," ಎಂದರು ಜಂಬುನಾಥ ಮೆಲ್ಲಗೆ. "ತೋಟದ ಮಾತು ತೋಟದಾಗ ಇರ್ಲಿ."

ಪಿಎಸ್ಐ ಹೇಮಾ ಅವರತ್ತ ನೋಡಲಿಲ್ಲ. "ಯಾರ ಮ್ಯಾಲ ಸಂಶಯ?"

"ಎಲ್ಲಾರಿಗೂ ನನ್ನ ಮ್ಯಾಲ ಸಂಶಯ ಐತ್ರಿ. ನಾ ಬರೋದು ಮರ ನೆಟ್ಟ ಹಿರಿಯರಿಗೆ ಬ್ಯಾಡಂತ, ಅದಕ್ಕ ಮರ ಒಣಗತಾವಂತ. ಸೋಮವಾರದೊಳಗ ಗೊತ್ತಾಗ್ಲಿಲ್ಲಂದ್ರ ಟ್ರಸ್ಟಿನೋರು ನನ್ನ ನೇಮಕ ನಿಲ್ಲಸ್ತಾರ."

ಎಫ್ಐಆರ್ ದಾಖಲಾಯಿತು. ಮಧ್ಯಾಹ್ನ ಹೇಮಾ ಮತ್ತು ಹೆಡ್ ಕಾನ್ಸ್‌ಟೇಬಲ್ ಗಾದಿಲಿಂಗಪ್ಪ ಸ್ಥಳ ಪಂಚನಾಮೆಗೆ ಹೋದರು.

ಅಲ್ಲಿ ಒಂದು ಪದ್ಧತಿಯಿತ್ತು. ಹುದ್ದೆ ಬಿಟ್ಟುಹೋಗುವವರು ಕೊನೆಯ ದಿನ ಒಂದು ಸಸಿ ನೆಡಬೇಕು, ಅದಕ್ಕೆ ಮೊದಲ ನೀರು ಮುಂದೆ ಬರುವವರು ಹಾಕಬೇಕು. ಹಾಗೆ ನೆಟ್ಟ ಐದು ಮರಗಳಿಗೆ ಹಿರಿಯರ ಸಾಲು ಎಂದೇ ಹೆಸರು. ಆರನೆಯದು ಜಂಬುನಾಥರದು. ಅದಕ್ಕೆ ಗುಂಡಿ ಆಗಲೇ ತೋಡಿಟ್ಟಿತ್ತು.

ಗಾಳಿಯಿರಲಿಲ್ಲ. ಆದರೂ ಎಲೆ ಉದುರುತ್ತಿದ್ದವು, ಹಣ್ಣೆಲೆಯಲ್ಲ, ಹಸಿರೆಲೆ. ತೋಟದ ಬೇರೆಲ್ಲ ಕಡೆ ಗಿಳಿಗಳ ಗದ್ದಲ, ಆ ಸಾಲಿನಲ್ಲಿ ಮಾತ್ರ ಒಂದು ಹಕ್ಕಿಯೂ ಇಲ್ಲ. ನಾಲ್ಕು ಕಾಂಡಗಳ ಮೇಲೂ ನೀಲಿ ಬಣ್ಣದ ಅಂಗೈ ಗುರುತು ಮೂಡಿತ್ತು. ಒಳಗೆ ಮಲಗಿದವರನ್ನು ಯಾರೋ ತಟ್ಟಿ ಎಬ್ಬಿಸಿದ ಹಾಗೆ.

"ಹಿರೇರ ಕೈ ಅದು," ಎಂದಳು ಕೂಲಿಯಾಳು ದುರ್ಗಕ್ಕ, ದೂರದಲ್ಲೇ ನಿಂತು. "ನಾ ಒಲ್ಲೆವ್ವ, ಹತ್ರ ಬರಂಗಿಲ್ಲ."

ಗಾದಿಲಿಂಗಪ್ಪ ನೀಲಿಯನ್ನು ಉಗುರಿನಿಂದ ಕೆರೆದ. ಕೆಳಗೆ ಬೈರಿಗೆ ಕೊರೆದ ತೂತಿತ್ತು. ಮೂಸಿ ನೋಡಿದ. "ಕಳೆನಾಶಕ ಮೇಡಂ. ಮ್ಯಾಲೆ ಬಳದದ್ದು ಮೈಲುತುತ್ತ, ಸುಣ್ಣದ ಮುಲಾಮು. ಟೊಂಗಿ ಕಡದ್ರ ಗಾಯಕ್ಕ ಹಚ್ತಾರಲ್ಲ, ಅದು."

ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ಹೇಮಾಗೆ ಮಾತ್ರ ಆ ಮುಲಾಮು ಸರಿಹೋಗಲಿಲ್ಲ. ತೂತು ಮುಚ್ಚಲು ಹಿಡಿ ಕೆಸರು ಸಾಕಿತ್ತು. ಕೊಲ್ಲಲು ಬಂದವನು ಗಾಯಕ್ಕೆ ಔಷಧಿ ಹಚ್ಚಿ ಹೋಗಿದ್ದಾನೆಂದರೆ, ತೆರೆದ ಗಾಯ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ.

ಗುರುವಾರ ಹೇಮಾ ನಾಲ್ಕೂ ಗಾಯಗಳ ಮುಲಾಮು ಕೆರೆಸಿ, ಸುತ್ತ ಟೇಪು ಕಟ್ಟಿಸಿದರು. ಎಲ್ಲರನ್ನೂ ಕರೆದು, "ವರದಿ ಬರೋತನಕ ಯಾರೂ ಮುಟ್ಟಬ್ಯಾಡ್ರಿ," ಎಂದರು. ಊಟದ ಹೊತ್ತಿಗೆ ತೋಟ ಖಾಲಿಯಾಯಿತು. ಹೇಮಾ, ಗಾದಿಲಿಂಗಪ್ಪ ಇಬ್ಬರೂ ಸಲಕರಣೆ ಕೋಣೆಯ ಕಿಟಕಿಯ ಹಿಂದೆ ಕೂತರು.

ಮೊದಲು ಯಶೋಧರಾ ಬಂದಳು. ಟೇಪಿನ ಹೊರಗೆ ನಿಂತು ಬಿಸಿಲಿಗೆ ಬಿರಿಯುತ್ತಿದ್ದ ತೊಗಟೆ ನೋಡಿದಳು. ಕಣ್ಣೊರೆಸಿಕೊಂಡು ಹೋದಳು.

ಆಮೇಲೆ ಜಂಬುನಾಥ ಬಂದರು. ಕೈಯಲ್ಲಿ ಮುಲಾಮಿನ ಕರಟ. ಟೇಪು ದಾಟಿ, ಒಂದೊಂದು ಗಾಯಕ್ಕೂ ಬಳಿದು, ಅಂಗೈಯಿಂದ ಒತ್ತಿದರು. ಅವರ ತುಟಿ ಅಲುಗುತ್ತಿತ್ತು, ಮರದ ಜೊತೆ ಮಾತಾಡುತ್ತಿದ್ದರು.

"ಇಷ್ಟಕ್ಕ ಹಿಡಿಯಾಕ ಬರಂಗಿಲ್ರಿ," ಎಂದು ಗಾದಿಲಿಂಗಪ್ಪ ಪಿಸುಗುಟ್ಟಿದ. "ಯಾವ ತೋಟಗಾರಾದ್ರೂ ಹಚ್ತಾನ."

"ತಡಿ."

ಜಂಬುನಾಥ ಐದನೇ ಮರದ ಬಳಿ ಹೋದರು. ಅದು ಇನ್ನೂ ಹಚ್ಚಹಸಿರಾಗಿತ್ತು, ಅದನ್ನು ಯಾರೂ ಪರೀಕ್ಷಿಸಿಯೇ ಇರಲಿಲ್ಲ. ಅವರು ಮಂಡಿಯೂರಿ, ಬುಡದ ತರಗೆಲೆ ಸರಿಸಿ, ಬಿರಿದಿದ್ದ ಹಳೆಯ ನೀಲಿಯ ಮೇಲೆ ಹೊಸದನ್ನು ಒತ್ತಿದರು.

ಹೇಮಾ ಹೊರಗೆ ಬಂದರು. "ಸರ್, ಇನ್ನೂ ಒಣಗದ ಮರಕ್ಕ ಅಲ್ಲಿ ಗಾಯ ಆಗೇತಿ ಅಂತ ನಿಮಗ ಹೆಂಗ ಗೊತ್ತಾತು?"

ಅವರು ನೀಲಿ ಕೈಯನ್ನು ಪಂಚೆಗೆ ಒರೆಸಿಕೊಂಡರು. "ಇದು ನನ್ನ ಗುರುಗಳು ನೆಟ್ಟಿದ್ದು. ಮೊದಲ ನೀರು ಹಾಕಿದಾವ ನಾನಽ."

"ಮತ್ಯಾಕ?"

"ಮರ ಸತ್ರ, ಆಕಿ ಕೈಲಿ ಆಗಂಗಿಲ್ಲ, ನೀವಽ ಇರ್ರಿ ಅಂತಾರ ಅಂದ್ಕಂಡೆ. ಸೋಮವಾರದಿಂದ ನಾ ಯಾರ್ರಿ ಮೇಡಂ?"

"ಬೇಲಿನೇ ಎದ್ದು ಹೊಲ ಮೇಯ್ದಂಗಾತು," ಎಂದ ಗಾದಿಲಿಂಗಪ್ಪ, ಆದರೆ ಬೇಡಿ ಹೊರತೆಗೆಯಲಿಲ್ಲ.

ಮಧ್ಯಾಹ್ನ 2.40ಕ್ಕೆ ದಸ್ತಗಿರಿ. ಸಂಡೂರಿನ ವಸ್ತುಸಂಗ್ರಹಾಲಯದ ತೋಟ ನೋಡಿಕೊಳ್ಳುವವಳಿಂದ ಹಿಡಿದು ರಾಜ್ಯದ ಎಷ್ಟೋ ಉದ್ಯಾನಗಳ ಮುಖ್ಯಸ್ಥರವರೆಗೆ ಎಲ್ಲರೂ ಜಂಬುನಾಥರ ಶಿಷ್ಯರು. ಎಲ್ಲರಿಗೂ ಅವರು ಹೇಳಿದ ಮೊದಲ ಪಾಠ ಒಂದೇ: ನೀನು ಇಲ್ಲದಾಗಲೂ ತೋಟ ಬೆಳೆಯಬೇಕು. ಶಿಷ್ಯರೊಬ್ಬರು ಫೋನಿನಲ್ಲಿ ಹೇಳಿದ ಆ ಮಾತನ್ನು ಹೇಮಾ ಕೇಸ್ ಡೈರಿಯಲ್ಲಿ ಹಾಗೆಯೇ ಬರೆದುಕೊಂಡರು.

ಸೋಮವಾರ ಹೇಳಿಕೆ ಪಡೆಯಲು ಹೋದಾಗ ಯಶೋಧರಾ ಐದನೇ ಮರದ ಬುಡ ಬಿಡಿಸಿ ವಿಷದ ಮಣ್ಣು ತೆಗೆಸುತ್ತಿದ್ದಳು. ಒಂದು ಗಿಳಿ ಮೇಲೆ ಕೂತಿತ್ತು.

"ಆ ಗುಂಡಿ ಮುಚ್ಚಸಂಗಿಲ್ಲೇನು?" ಎಂದು ಹೇಮಾ ಆರನೇ ಗುಂಡಿಯನ್ನು ತೋರಿಸಿದರು.

"ಇರ್ಲಿ ಬಿಡ್ರಿ. ಬಿಡುಗಡೆ ಆಗಿ ಬಂದ ಮ್ಯಾಲ ಅವ್ರು ನೆಡ್ಲಿ," ಎಂದಳು. "ನೀರು ನಾ ಹಾಕ್ತೀನಿ."